ಮಾದಪ್ಪನ ಆಣೆಗೆ ವಾಯಿದೆಯಿಲ್ಲ

ಧನಗೆರೆ, ಕೊಳ್ಳೇಗಾಲ ತಾಲ್ಲೂಕು
ಸೋಮವಾರ, 24 ನವೆಂಬರ್ 2025

ಪ್ರೀತಿಯ ಮಗ ಜಡೇಸ್ವಾಮಿಗೆ ಅಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಯಾದಗಿರಿಯ ಬಿಸಿಲು ಈ ತಿಂಗಳಲ್ಲಾದರೂ ಸ್ವಲ್ಪ ತಗ್ಗಿದೆಯಾ? ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿತು ಅಂತ ಹೋದ ಸಲ ಹೇಳಿದ್ದೆ, ಸಂತೋಷ. ಆದರೆ ನಾನು ಕಳಿಸಿದ ರಾಗಿ ಹಿಟ್ಟನ್ನು ಡಬ್ಬದಲ್ಲಿಟ್ಟು ಪೂಜೆ ಮಾಡಬೇಡ, ಹುಳ ಬೀಳುವ ಮೊದಲು ಮುದ್ದೆ ತಿರುವಿ ಉಣ್ಣು. ಮುದ್ದೆ ಗಂಟಾಗುತ್ತೆ ಅಂತ ನೆಪ ಹೇಳಬೇಡ, ಗಂಟಾದ ಮುದ್ದೆಯೂ ಹೊಟ್ಟೆಯೊಳಗೇ ಹೋಗುತ್ತೆ. ಕಿವಿಯ ಮಿಷನ್ ಬೆವರಿಗೆ ಕೀ ಅಂತ ಕಿರುಚುತ್ತೆ ಅಂದಿದ್ದೆಯಲ್ಲ, ರಿಪೇರಿಗೆ ಕೊಟ್ಟೆಯಾ? ಹೊಸ ಆಫೀಸಿನವರು ನಿನ್ನ ಮುಖ ನೋಡಿ ಮಾತಾಡುತ್ತಾರಾ, ಇಲ್ಲಾ ಅವರೂ ಹಳೇ ಹನೂರು ಆಫೀಸಿನವರ ಥರವೇನಾ? ಇದನ್ನೆಲ್ಲ ಫೋನಿನಲ್ಲೇ ಟೈಪು ಮಾಡಬಹುದಿತ್ತಲ್ಲ ಅಂತೀಯ. ಮಾಡಬಹುದಿತ್ತು. ನಾನು ಕಣ್ಣು ಕಿರಿದು ಮಾಡಿಕೊಂಡು ಒಂದು ಗಂಟೆ ಒತ್ತಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಯಳಂದೂರಿನಲ್ಲಿ ಎಸ್ಸೆಸ್ಸೆಲ್ಸಿವರೆಗೂ ಓದಿದವಳು ನಾನು, ನನ್ನ ಅಕ್ಷರಕ್ಕೆ ಹೆಬ್ಬೆರಳಿಗಿಂತ ಒಳ್ಳೆ ಉತ್ತರ ಬರಬೇಕು. ಕಾಗದಕ್ಕಾದರೆ ನೀನೂ ಕಾಗದದಲ್ಲೇ ಉತ್ತರ ಬರೆಯಬೇಕಾಗುತ್ತೆ.

ಇಲ್ಲಿ ಎಲ್ಲ ನಡೆಯುತ್ತಿದೆ. ಕಬ್ಬು ಕಡಿಯೋಕೆ ಬಂದಿದೆ, ಕಡಿಯುವ ಆಳು ಸಿಕ್ಕುತ್ತಿಲ್ಲ. ಕೆಂದ ಹಸು ಗಂಡು ಕರು ಹಾಕಿದೆ, ಹಾಲು ಕುಡಿದು ಕುಡಿದು ಅಂಗಳದಲ್ಲಿ ಗುದ್ದಾಡಿಕೊಂಡು ಓಡಾಡುತ್ತೆ. ಪಕ್ಕದ ಮನೆ ಕೋಮಲನಿಗೆ ಗಂಡು ಗೊತ್ತಾಯಿತು, ಸತ್ತೇಗಾಲದವನು. ಹುಡುಗನಿಗೆ ಏನು ಕೆಲಸ ಅಂತ ಹೇಳಿದ ಬಾಯಲ್ಲೇ ಅವಳಮ್ಮ ನಿನ್ನದನ್ನೂ ಕೇಳಿದಳು: ನಿಮ್ಮ ಜಡೇಸ್ವಾಮಿಗೆ ಪ್ರಮೋಷನ್ ಆಯ್ತಾ ಅಂತ. ಆಗುತ್ತೆ ಅಂದೆ. ಎರಡೂವರೆ ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ, ನನ್ನ ಬಾಯಿಗೂ ಬೇಸರವಾಗಿದೆ. ಇನ್ನು ನಿಮ್ಮಪ್ಪ. ಅವರು ಈಚೆಗೆ ಮಗುವಾಗಿದ್ದಾರೆ. ಬೇಸಿಗೆಯಲ್ಲಿ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಇದೆ ಅಂದಾಗ ಕಾಫಿಗೂ ಸಿಹಿ ಬೇಡ ಅಂತ ಒಂದೇ ಮಾತಿಗೆ ಬಿಟ್ಟವರು, ಈಗ ಬೆಲ್ಲ ಬೆಲ್ಲ ಅಂತಾರೆ. ಮಧ್ಯಾಹ್ನ ಆಯಿತು ಅಂದರೆ ರಂಗಸ್ವಾಮಿಯ ಆಲೆಮನೆಗೆ ಹೋಗಿ ಕೊಪ್ಪರಿಗೆ ಪಕ್ಕ ಕೂತುಬಿಡುತ್ತಾರೆ. ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯಲ್ಲಿ ಎತ್ತೆತ್ತಿ ತಿಂತಾರೆ ಅಂತ ರಂಗಸ್ವಾಮಿಯೇ ಬಂದು ದೂರು ಹೇಳಿದ. ಅಷ್ಟು ವಯಸ್ಸಾದವರನ್ನು ಕೈ ಹಿಡಿದು ಎಳೆದುಕೊಂಡು ಬರೋಕಾಗುತ್ತಾ? ಮಾತ್ರೆ ಮಾತ್ರ ನಾನೇ ಕೈಗೆ ಕೊಡುತ್ತೇನೆ, ಲೋಟ ಹಿಡಿದುಕೊಂಡು ಹಿತ್ತಲ ಕಡೆ ಹೋಗಿ ನುಂಗಿ ಬರುತ್ತಾರೆ. ಹೋದ ಗುರುವಾರ ಅಮಾವಾಸ್ಯೆ, ಮಾದಪ್ಪನ ಬೆಟ್ಟಕ್ಕೆ ಹೋಗಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಕಾರ್ತಿಕದ ಅಮಾವಾಸ್ಯೆ ತಪ್ಪಿಸಿದವರಲ್ಲ. ಯಾಕೆ ಅಂದರೆ ಕಾಲು ನೋವು ಅಂದರು.

ಈಗ ನಿನ್ನ ಕೇಸಿನ ವಿಷಯ. ಹದಿನೈದು ದಿನದ ಕೆಳಗೆ ನಾನೂ ನಿಮ್ಮಪ್ಪನೂ ಲಾಯರ್ ಗುರುಸಿದ್ದಯ್ಯನವರ ಹತ್ತಿರ ಹೋಗಿದ್ದೆವು. ಅವರು ನಿನಗೆ ಮೆಸೇಜು ಹಾಕಿದ್ದಾರಂತೆ, ನೀನು ಒಂದೇ ಸಾಲಿನಲ್ಲಿ ಆಗಲ್ಲ ಅಂದಿದ್ದೀಯಂತೆ. ಪೂರ್ತಿ ವಿಷಯ ನನಗೆ ಅಲ್ಲೇ ಗೊತ್ತಾಗಿದ್ದು. ನೀನು ಅರ್ಜಿಯಲ್ಲಿ ಏನು ಬರೆದಿದ್ದೀಯೋ ಅದನ್ನು ಸರ್ಕಾರದ ಕಡೆಯವರು ಸುಳ್ಳು ಅನ್ನುತ್ತಿಲ್ಲವಂತೆ. ಮೀಟಿಂಗಿನಲ್ಲಿ ನಿಮ್ಮ ಹನೂರು ಆಫೀಸಿನ ಆ ಸಾಹೇಬರು ಬೇಕಂತಲೇ ಗೋಡೆ ಕಡೆ ತಿರುಗಿಕೊಂಡು ಮಾತಾಡಿ, ಆಮೇಲೆ ನಿನ್ನ ಕಡೆ ತಿರುಗಿ ನಾನೇನಂದೆ ಹೇಳು ಅನ್ನುತ್ತಿದ್ದದ್ದು, ಆಫೀಸಿಗೆ ಆಫೀಸೇ ನಗುತ್ತಿದ್ದದ್ದು ಸುಳ್ಳು ಅನ್ನಲಿಲ್ಲ. ನೀನು ಅದನ್ನು ಮನೆಗೆ ಬಂದು ನಗುತ್ತಾ ಹೇಳುತ್ತಿದ್ದೆ, ನಾನು ಒಳಗೆ ಹೋಗಿ ಒಲೆ ಊದುವ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಫೋನಿಗೆ ಉತ್ತರ ಕೊಡಲಾಗದವನು, ಮೇಲಿನ ಹುದ್ದೆಗೆ ತಕ್ಕವನಲ್ಲ ಅಂತ ಫೈಲಿನಲ್ಲಿ ಬರೆದು, ನಿನಗಿಂತ ಎಷ್ಟೋ ಹಿಂದೆ ಇದ್ದ ರಂಗರಾಜುವನ್ನು ಪ್ರಥಮ ದರ್ಜೆಗೆ ಏರಿಸಿದ್ದನ್ನೂ ಅಲ್ಲ ಅನ್ನಲಿಲ್ಲ. ಅವರು ಹೇಳೋದು ಒಂದೇ ಮಾತು. ರಂಗರಾಜುವಿನ ಆದೇಶವಾದ ಒಂದು ವರ್ಷದೊಳಗೆ ಕೋರ್ಟಿಗೆ ಬರಬೇಕಿತ್ತು, ಇವನು ಬಂದಿಲ್ಲ, ಆದ್ದರಿಂದ ಒಳಗಿನ ವಿಷಯ ನೋಡೋದೇ ಬೇಡ. ಅನ್ಯಾಯ ಆಗಿದೆಯೋ ಇಲ್ಲವೋ ಅಂತ ಕೇಳೋಕೆ ಮೊದಲು ಯಾವತ್ತು ಬಂದೆ ಅಂತ ಕೇಳುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ಇರಬೇಕು.

ನೀನು ಅದಾದ ಮೇಲೆ ಎಷ್ಟು ಮನವಿ ಕೊಟ್ಟಿದ್ದೆ, ಎಲ್ಲದಕ್ಕೂ ಸೀಲು ಹಾಕಿಸಿಕೊಂಡಿದ್ದೆಯಲ್ಲ, ಅದನ್ನೆಲ್ಲ ತೋರಿಸಿ ಅಂದೆ. ಗುರುಸಿದ್ದಯ್ಯನವರು ಕನ್ನಡಕ ತೆಗೆದಿಟ್ಟು, ಮನವಿ ಮೇಲೆ ಮನವಿ ಕೊಟ್ಟರೆ ಗಡಿಯಾರ ನಿಲ್ಲಲ್ಲ ಕಣಮ್ಮ, ಅದು ಆದೇಶ ಬಂದ ದಿನದಿಂದಲೇ ಓಡ್ತಿರುತ್ತೆ ಅಂದರು. ಅವರು ಕೆಟ್ಟವರಲ್ಲ. ಆ ವರ್ಷ ತುಂಬೋಕೆ ಇನ್ನೂ ಒಂದು ತಿಂಗಳಿದೆ ಅನ್ನುವಾಗ ತಾವಾಗಿಯೇ ಫೋನು ಮಾಡಿ ಸಹಿ ಹಾಕಿಸಿ ಅಂದವರು. ನಿಮ್ಮಪ್ಪ ಫೋನು ಕಸಿದುಕೊಂಡು ಏನಂದರು ಅಂತ ನಿನಗೆ ನೆನಪಿದೆಯಾ? ನೀನು ಎದುರಿಗೇ ಕೂತು ಅವರ ತುಟಿ ನೋಡುತ್ತಿದ್ದೆ. ಮಾದಪ್ಪನ್ ಆಣಗ ವಾಯ್ದ ಇಲ್ಲ ಕಣ್ರಿ ಲಾಯರ್ರೇ, ನಿಮ್ ಕೋರ್ಟ್‌ಗ ಇರ್ಬೋದು ಅಂದರು. ಮಾತು ಅಲ್ಲಿಗೆ ಮುಗಿಯಿತು.

ಆ ಆಣೆಯನ್ನು ನಾನು ಮರೆತಿಲ್ಲ. ನೀನು ಕೋರ್ಟಿಗೆ ಕಾಗದ ರೆಡಿ ಮಾಡಿಸಿದ್ದೀಯ ಅಂತ ಗಾಳಿ ಸುದ್ದಿ ತಿಳಿದ ಮೇಲೆ ತಾನೆ ಆ ಸಾಹೇಬರು ನಮ್ಮ ಮನೆವರೆಗೂ ಕಾರಿನಲ್ಲಿ ಬಂದದ್ದು? ಜಗುಲಿ ಮೇಲೆ ಕೂತು ಮಜ್ಜಿಗೆ ಕುಡಿದು, ಯಜಮಾನರೇ ನಾನೂ ಮಾದಪ್ಪನ ಒಕ್ಕಲೇ, ಬನ್ನಿ ಬೆಟ್ಟಕ್ಕೆ, ಅಲ್ಲೇ ಮಾತಾಡೋಣ ಅಂದರು. ಮಹಾಲಯ ಅಮಾವಾಸ್ಯೆಯ ದಿನ ಹನೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು, ಅವರು ಕಾರಿನಲ್ಲಿ ಬಂದರು. ಗುಡಿ ಮುಂದೆ ಜನ ಅಂದರೆ ಜನ, ಕಂಸಾಳೆಯವರ ಸದ್ದಿಗೆ ನಿನ್ನ ಮಿಷನ್ ಕಿರುಚುತ್ತೆ ಅಂತ ನೀನು ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಅವರು ಕರ್ಪೂರ ಹಚ್ಚಿ, ಉರಿ ಮೇಲೆ ಕೈಯಿಟ್ಟು, ನನ್ನ ಕೈಯಿಂದ ಹೋಗೋ ಮುಂದಿನ ಪ್ರಮೋಷನ್ ಪಟ್ಟಿಯಲ್ಲಿ ಇವನ ಹೆಸರೇ ಮೊದಲು, ಮಾದಪ್ಪನಾಣೆ ಅಂದರು. ನಿಮ್ಮಪ್ಪನಿಗೆ ಕಣ್ಣಲ್ಲಿ ನೀರು ಬಂತು. ಅಷ್ಟು ದೊಡ್ಡ ಅಧಿಕಾರಿ ತನ್ನ ಮಗನಿಗೋಸ್ಕರ ಕರ್ಪೂರ ಮುಟ್ಟಿದ ಅಂತ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನೀನೊಬ್ಬನೇ ಕೇಳಿದ್ದು: ಅಪ್ಪಾ, ನನ್ನ ಕೈಯಿಂದ ಹೋಗೋ ಪಟ್ಟಿ ಅಂದರಲ್ಲ, ಅದು ಯಾಕೆ ಅಂತ. ನಮ್ಮಿಬ್ಬರಿಗೂ ಎರಡೆರಡು ಕಿವಿ ಇದ್ದವು, ನಮಗೆ ಅದು ಹೊಳೆಯಲಿಲ್ಲ. ನೀನು ತುಟಿ ನೋಡಿಯೇ ಹಿಡಿದಿದ್ದೆ. ನಿಮ್ಮಪ್ಪ ರೇಗಿದರು. ಮಾದಪ್ಪನ್ ಮುಂದ ಆಡ್ದ ಮಾತ ಅಳ್ದು ಸುರೀಬ್ಯಾಡ ಕಣ್ಲಾ, ಇನ್ಮ್ಯಾಕ ಕೋರ್ಟ್‌ಗ ಓದ್ರ ಆ ಸಾಯೇಬ್ರ್ ಮ್ಯಾಲ ಓದಂಗಲ್ಲ, ಮಾದಪ್ಪನ್ ಮ್ಯಾಲ ಓದಂಗ ಅಂದರು. ಊರಿನಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ನೀನು ಕಾಗದವನ್ನು ಸೂಟ್‌ಕೇಸಿಗೆ ಹಾಕಿದೆ.

ಆ ಮನುಷ್ಯ ವರ್ಷ ತುಂಬೋವರೆಗೂ ನಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು ಅಂತ ನೆನೆಸಿಕೊಂಡರೆ ಈಗ ಮೈ ಉರಿಯುತ್ತೆ. ಮೀಟಿಂಗಿನಲ್ಲಿ ಗೋಡೆ ನೋಡೋದು ಬಿಟ್ಟರು. ನಿಮ್ಮಪ್ಪ ಕೊಳ್ಳೇಗಾಲದಲ್ಲಿ ಸಿಕ್ಕಿದರೆ ಕಾರು ನಿಲ್ಲಿಸಿ ಮಾತಾಡಿಸುತ್ತಿದ್ದರು. ವರ್ಷ ತುಂಬಿತು, ಮರು ತಿಂಗಳೇ ತಾವೇ ಕೇಳಿಕೊಂಡು ಬೇರೆ ಜಿಲ್ಲೆಗೆ ವರ್ಗ ಮಾಡಿಸಿಕೊಂಡು ಹೊರಟರು. ಪಟ್ಟಿ ಅವರ ಕೈಯಿಂದ ಹೋಗಲೇ ಇಲ್ಲ. ಹೊಸದಾಗಿ ಬಂದವರ ಹತ್ತಿರ ನೀನು ಚೀಟಿಯಲ್ಲಿ ಬರೆದು ತೋರಿಸಿದ್ದಕ್ಕೆ, ಆಣೆ ಫೈಲಿನಲ್ಲಿದೆಯೇನ್ರೀ ಅಂತ ಕೇಳಿದರಂತೆ. ಆಮೇಲೆ ನಿನ್ನನ್ನೇ ಎತ್ತಿ ಯಾದಗಿರಿಗೆ ಹಾಕಿದರು. ಆಗ ಅಲ್ಲವೇ ನಾವು ಕೋರ್ಟಿನ ಬಾಗಿಲು ಹುಡುಕಿಕೊಂಡು ಹೋದದ್ದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಆ ಮನುಷ್ಯನಿಗೆ ಶಾಪ ಹಾಕಿ ಸಮಾಧಾನ ಮಾಡಿಕೊಳ್ಳೋಣ ಅಂದರೆ ನಿಮ್ಮಪ್ಪ ಅದಕ್ಕೂ ಬಿಡುವುದಿಲ್ಲ. ಅವ್ನ್ ಆಣ ಮುರುದಿಲ್ವಲ್ಲ, ಮಾದಪ್ಪ ಯಾಕ ಕೇಳ್ತಾನ ಅಂತಾರೆ. ಹಾಗಂತ ಹೇಳಿ ಗೋಡೆ ಕಡೆ ತಿರುಗಿ ಮಲಗುತ್ತಾರೆ.

ಲಾಯರು ಹೇಳೋದು ಇಷ್ಟು. ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಮನ್ನಾ ಮಾಡುವ ಅಧಿಕಾರ ಕೋರ್ಟಿನವರಿಗಿದೆ. ಡಿಸೆಂಬರ್ ಎಂಟನೇ ತಾರೀಖಿನೊಳಗೆ ಪ್ರಮಾಣಪತ್ರ ಹಾಕಬೇಕು, ಅದೇ ಕೊನೆ, ಇನ್ನೊಂದು ದಿನ ಕೊಡಲ್ಲ. ಆಣೆಗೋಸ್ಕರ ಕಾದೆವು ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ ಅಂದೆ. ಬರೆಯಬಹುದು, ಆದರೆ ನಿಲ್ಲೋದು ಕಷ್ಟ ಅಂದರು. ಹುಡುಗನ ಕಿವಿ ಬಾಧೆ ಆ ವರ್ಷ ಹೆಚ್ಚಾಗಿತ್ತು, ಓಡಾಡೋ ಸ್ಥಿತಿಯಲ್ಲಿರಲಿಲ್ಲ ಅಂತ ಒಂದು ಡಾಕ್ಟರ್ ಸರ್ಟಿಫಿಕೇಟ್ ತಂದರೆ ನಡೆಯುತ್ತೆ ಅಂದರು. ಅದಕ್ಕೆ ನೀನು ಕಳಿಸಿದ ಉತ್ತರವನ್ನು ನನಗೆ ಓದಿ ಹೇಳಿದರು. ನಾನು ಕೈಲಾಗದವನಲ್ಲ ಅಂತ ಹೇಳೋಕೆ ಆ ಬಾಗಿಲಿಗೆ ಹೋಗಿದ್ದೇನೆ, ಕೈಲಾಗದವನು ಅಂತ ಬರೆದುಕೊಟ್ಟು ಒಳಗೆ ಹೋಗಲಾ ಅಂತ ಬರೆದಿದ್ದೆ. ಓದುತ್ತಾ ಓದುತ್ತಾ ಅವರ ದನಿಯೂ ಸಣ್ಣಗಾಯಿತು. ನಿಜ, ಆ ಸರ್ಟಿಫಿಕೇಟ್ ಕೊಟ್ಟರೆ ನೋಡಿ ಸ್ವಾಮಿ, ನಾವು ಫೈಲಿನಲ್ಲಿ ಬರೆದದ್ದನ್ನೇ ಅವನೂ ಬರೆದಿದ್ದಾನೆ ಅಂತ ಸರ್ಕಾರದ ಕಡೆಯವರೇ ತೋರಿಸುತ್ತಾರೆ. ಕೊಡದಿದ್ದರೆ ಬಾಗಿಲು ತೆಗೆಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಲಾಯರು ನಮ್ಮ ಮುಖ ನೋಡಿ, ಆ ವರ್ಷ ಮನೆಯಲ್ಲಿ ಅಪ್ಪ ಅಮ್ಮ ಯಾರಾದರೂ ಹಾಸಿಗೆ ಹಿಡಿದಿದ್ದರಾ, ಮಗ ನೋಡಿಕೊಳ್ಳಬೇಕಾಗಿತ್ತಾ, ಆಸ್ಪತ್ರೆ ಚೀಟಿ ಏನಾದರೂ ಇದೆಯಾ ಅಂತ ಕೇಳಿದರು. ಎಲ್ಲಿಂದ ತರೋದು? ಆ ವರ್ಷ ನಾವಿಬ್ಬರೂ ಕಲ್ಲುಗುಂಡಿನ ಹಾಗಿದ್ದೆವು. ನಿಮ್ಮಪ್ಪ ಬೆಟ್ಟಕ್ಕೆ ನಡೆದುಕೊಂಡೇ ಹೋಗಿ ಬಂದಿದ್ದರು. ಮಾದಪ್ಪನ ದಯೆಯಿಂದ ಯಾರಿಗೂ ಏನೂ ಆಗಿರಲಿಲ್ಲ ಅಂದೆ. ಹೇಳಿದ ಮೇಲೆ, ಏನಾದರೂ ಆಗಿದ್ದಿದ್ದರೆ ಚೆನ್ನಾಗಿತ್ತಲ್ಲ ಅಂತ ಅನ್ನಿಸಿ ನನಗೇ ಹೆದರಿಕೆಯಾಯಿತು. ನಿಮ್ಮಪ್ಪ, ಸುಳ್ ಚೀಟಿಗ ಎಬ್ಬೆಟ್ಟ್ ಒತ್ತಾಕಿಲ್ಲ ಕಣ್ರಿ ಅಂತ ಮಾತ್ರ ಹೇಳಿ ಎದ್ದು ಬಂದರು. ಬಸ್ಸಿನಲ್ಲೂ ಕಿಟಕಿ ಕಡೆಯೇ ನೋಡುತ್ತಿದ್ದರು.

ಆದ್ದರಿಂದ ಮಗಾ, ಏನು ಬರೆಯಬೇಕು ಅಂತ ನೀನೇ ತೀರ್ಮಾನ ಮಾಡಿ ಎಂಟನೇ ತಾರೀಖಿನೊಳಗೆ ಲಾಯರಿಗೆ ಕಳಿಸು. ಸುಳ್ಳು ಬರೆ ಅಂತ ನಾನು ಹೇಳಲಾರೆ, ನಿಜ ಬರೆದು ಸೋಲು ಅಂತಲೂ ಹೇಳೋಕೆ ಬಾಯಿ ಬರುತ್ತಿಲ್ಲ. ತಾಯಿ ಅನ್ನಿಸಿಕೊಂಡವಳು ಮಗನಿಗೆ ಒಂದು ದಾರಿ ಹೇಳಬೇಕು. ನನಗೆ ತೋಚುತ್ತಿಲ್ಲ. ನೀನು ಚಿಕ್ಕವನಾಗಿದ್ದಾಗ ಜ್ವರ ಬಂದು ಕಿವಿ ಹೋದಾಗಲೂ ಹೀಗೇ ಆಗಿತ್ತು. ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಯಳಂದೂರು, ಕೊಳ್ಳೇಗಾಲ, ಮೈಸೂರು ಅಂತ ತಿರುಗಿದೆವು, ಕೊನೆಗೆ ಸಿಕ್ಕಿದ ಡಾಕ್ಟರು ಸ್ವಲ್ಪ ಮೊದಲು ಬರಬೇಕಿತ್ತು ಅಂದರು. ನಮ್ಮ ಮನೆಗೆ ಅದೊಂದು ಮಾತು ಗಂಟು ಬಿದ್ದಿದೆ ನೋಡು.

ಹೊತ್ತಿಗೆ ಸರಿಯಾಗಿ ಉಣ್ಣು. ರಸ್ತೆ ದಾಟುವಾಗ ಎರಡೂ ಕಡೆ ನೋಡು, ನಿನಗೆ ಹಾರನ್ ಕೇಳಿಸಲ್ಲ ಅಂತ ಲಾರಿಯವನಿಗೆ ಗೊತ್ತಿರಲ್ಲ. ಕೋಮಲನ ಮದುವೆಗೆ ರಜೆ ಹಾಕು. ನಿಮ್ಮಪ್ಪನ ಆಶೀರ್ವಾದವನ್ನೂ ಸೇರಿಸಿ ಬರೆಯುತ್ತಿದ್ದೇನೆ, ಅವರು ಆಲೆಮನೆಯಿಂದ ಇನ್ನೂ ಬಂದಿಲ್ಲ. ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಶಿವಮ್ಮ

ಮರೆತ ಮಾತು: ಜಡೇಸ್ವಾಮಿ, ಮೇಲಿನದನ್ನೆಲ್ಲ ಬರೆದು ಮುಗಿಸಿ, ಕಾಗದಕ್ಕೆ ವಿಭೂತಿ ಮುಟ್ಟಿಸಿ ಕಳಿಸೋಣ ಅಂತ ಮಾದಪ್ಪನ ಪಟದ ಹತ್ತಿರ ಹೋದೆ. ವಿಭೂತಿ ಡಬ್ಬ ಭಾರವಾಗಿತ್ತು. ತೆಗೆದರೆ ಒಳಗೆ ನಾನು ಕೈಗೆ ಕೊಟ್ಟ ಮಾತ್ರೆಗಳೆಲ್ಲ ಇವೆ, ಬೆಳಗಿನದೂ ರಾತ್ರಿಯದೂ. ಲಾಯರ ಹತ್ತಿರ ಹೋಗಿ ಬಂದ ದಿನದಿಂದ ನಿಮ್ಮಪ್ಪ ಒಂದನ್ನೂ ನುಂಗಿಲ್ಲ. ಬೆಲ್ಲದ ಆಸೆಯೂ ಆಸೆಯಲ್ಲ ಕಣೋ. ಆಲೆಮನೆಯಿಂದ ಬಂದ ಮೇಲೆ ಡಬ್ಬ ಮುಂದಿಟ್ಟು ಕೇಳಿದೆ. ಸುಳ್ ಚೀಟಿ ಬ್ಯಾಡ ಅಂದೆ ತಾನೇ, ಅದ್ಕೇ ದಿಟದ್ ಕಾಯ್ಲ ಬರ್ಸ್ಕತಾ ಇವ್ನಿ, ಮಗನ್ ಕೆಲ್ಸ ಆಗ್ಲಿ ಅಂದರು. ಪಂಚೆ ಎತ್ತಿ ನೋಡಿದೆ, ಎರಡೂ ಪಾದ ಊದಿವೆ, ಒಂದರಲ್ಲಿ ಹುಣ್ಣಾಗಿದೆ. ಬೆಟ್ಟಕ್ಕೆ ಹೋಗದಿದ್ದದ್ದು ಇದಕ್ಕೇ. ಆಸ್ಪತ್ರೆಗೆ ನಡೀರಿ ಅಂದರೆ, ಇನ್ನೂ ವಸಿ ಜಾಸ್ತಿ ಆಗ್ಲಿ, ಡಾಕ್ಟ್ರು ದೊಡ್ದಾಗಿ ಬರ್ಕೊಡ್ತಾರ ಅಂತಾರೆ. ನಿನಗೆ ಫೋನಿನಲ್ಲಿ ಹೇಳಕೂಡದು, ಮೆಸೇಜು ಹಾಕಕೂಡದು ಅಂತ ಮಾದಪ್ಪನ ಮೇಲೆ ಆಣೆ ಹಾಕಿಸಿಕೊಂಡರು. ಕಾಗದದ ಮಾತು ಅವರ ಬಾಯಿಗೆ ಬರಲಿಲ್ಲ. ಆ ಸಾಹೇಬರ ಥರ ನಾನೂ ಆಣೆಯಲ್ಲಿ ಸಂದು ಹುಡುಕಿದೆ, ಮಾದಪ್ಪ ಕ್ಷಮಿಸಲಿ. ಸ್ಪೀಡ್ ಪೋಸ್ಟಿಗೆ ಕೋಮಲನ ಕೈಲಿ ಈಗಲೇ ಕೊಳ್ಳೇಗಾಲಕ್ಕೆ ಕಳಿಸುತ್ತಿದ್ದೇನೆ. ಕೈಗೆ ಸಿಕ್ಕಿದ ದಿನವೇ ಬಸ್ಸು ಹತ್ತು, ರಜೆ ಕೊಡದಿದ್ದರೂ ಹತ್ತು. ಕೋರ್ಟಿಗೆ ಬೇಕಾಗಿರೋದು ಆ ವರ್ಷದ ಕಾಯಿಲೆ, ಈಗ ಬಂದದ್ದು ಲೆಕ್ಕಕ್ಕೆ ಬರಲ್ಲ ಅಂತ ನಾನು ಬಿಡಿಸಿ ಬಿಡಿಸಿ ಹೇಳಿದೆ. ಅದಕ್ಕೆ ಅವರು, ಕಾಯ್ಲ ಬೀಳದ್ಕೂ ವಾಯ್ದ ಇದ್ದದಾ ಶಿವೀ ಅಂತ ಕೇಳಿದರು. ನೀನು ಬಂದು ಹೇಳು.